ಹಡೆದವಳು ಒಬ್ಬಳು, ರಜೆ ಕೇಳಿದವಳು ಒಬ್ಬಳು

ಹೆರಿಗೆ ರಜೆಯ ನಿಯಮ ನನಗೆ ಬಾಯಿಪಾಠ. ಹುಮನಾಬಾದಿನ ಖಾಸಗಿ ಶಾಲೆಯೊಂದರಲ್ಲಿ ನಾನು ಗುಮಾಸ್ತೆ. ರಜೆ ಅರ್ಜಿಗಳು ಮೊದಲು ಬರುವುದೇ ನನ್ನ ಮೇಜಿಗೆ. ಇಪ್ಪತ್ತಾರು ವಾರ, ಪೂರ್ತಿ ಸಂಬಳ, ಜೊತೆಗೆ ಆಸ್ಪತ್ರೆಯ ಚೀಟಿ. ಇಷ್ಟು ಬಲ್ಲವಳು ತಪ್ಪುವುದುಂಟೇ ಎಂದುಕೊಂಡಿದ್ದೆ.

ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರೆ. ತವರಿನಲ್ಲಿ ಜಗದೇವಿಯಾಗಿದ್ದ ನಾನು ಬಸವಕಲ್ಯಾಣದ ಅತ್ತೆಮನೆಯಲ್ಲಿ ಪೂನಮ ಆದೆ. ಶಾಲೆಯ ಕಾಗದಗಳಲ್ಲಿ ಮಾತ್ರ ಜಗದೇವಿಯಾಗಿಯೇ ಉಳಿದೆ. ಪೂನಮ ಎಂದರೆ ನನಗೆ ಎಷ್ಟು ಶೋಕಿಯೆಂದರೆ, ಹೆರಿಗೆ ನೋವಿನಲ್ಲಿ ನರ್ಸ್ ಹೆಸರು ಕೇಳಿದಾಗಲೂ ಹಲ್ಲು ಕಚ್ಚಿಕೊಂಡು ಅದನ್ನೇ ಹೇಳಿದೆ.

ಮಗಳಿಗೆ ಹದಿನೈದು ದಿನವಾದಾಗ ನಮ್ಮ ಮೇಲ್ವಿಚಾರಕ ಶ್ರೀಮಂತ ಸರ್ ಫೋನು ಮಾಡಿದರು.

“ಜಗದೇವಿ, ಸೂಟಿ ಕೇಳಾಕಿ ನೀನು, ಆಸ್ಪತ್ರಿ ಚೀಟಿದಾಗ ಹಡದಾಕಿ ಯಾರೋ ಪೂನಮ. ಪಗಾರ ಯಾರಿಗಿ ಕೊಡ್ಲವ್ವಾ?”

“ಇಬ್ಬರೂ ನಾನೇ ಇದ್ದೀನ್ರಿ ಸರ್.”

“ಹೋದ ವರ್ಷ ಆಯಾ ಕೇಶರಬಾಯಿನೂ ಹಿಂಗೇ ಅಂದಿದ್ಳಲ್ಲ. ಆಕಿ ಅರ್ಜಿ ಮ್ಯಾಲ ‘ಹೆಸರು ತಾಳೆಯಿಲ್ಲ’ ಅಂತ ಕೆಂಪು ಶಾಯಿಲೆ ಬರದಾಕಿ ಯಾರು?”

ನಾನೇ. ಅಕ್ಷರ ದುಂಡಗೆ ಬಂದಿದೆ ಎಂದು ಮೆಚ್ಚಿಕೊಂಡೂ ಇದ್ದೆ. ಕೇಶರಬಾಯಿ ರಜೆಯ ಸಂಬಳ ಸಿಗದೆ ಎರಡು ತಿಂಗಳಿಗೇ ಎಳೆಗೂಸನ್ನು ಅತ್ತೆಗೆ ಬಿಟ್ಟು ಕೆಲಸಕ್ಕೆ ಮರಳಿದ್ದಳು. ಸಂಬಳ ನಿಂತರೆ ನನಗೂ ಅದೇ ಗತಿ.

ಮರುದಿನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು ಬಿಗಿದುಕೊಂಡು, ಮಗುವನ್ನು ಎತ್ತಿಕೊಂಡು ಗಂಡ ಸಂಜುಕುಮಾರನೊಂದಿಗೆ ನೋಟರಿ ಮಹೆಬೂಬ ಸಾಹೇಬರ ಬಳಿ ಹೋದೆ.

“ಹೆಸರೇನಮ್ಮಾ?”

“ಪೂನಮ.”

ಗಂಡ ಹಣೆ ಚಚ್ಚಿಕೊಂಡ. “ಏ ಮಾರಾಯ್ತಿ, ಈ ಹೆಸರಿನ ಭಾನಗಡಿ ಬಿಡಸ್ಲಾಕೇ ಬಂದೀವಿ!”

ಸಾಹೇಬರು ಎರಡೂ ನನ್ನ ಹೆಸರೇ ಎಂದು, ‘ಜಗದೇವಿ ಉರ್ಫ್ ಪೂನಮ’ ಎಂದು ಪ್ರಮಾಣಪತ್ರ ಮಾಡಿಸಿದರು.

“ಉರ್ಫ್ ಅಂತ ಕಳ್ಳರಿಗಿ ಹಚ್ತಾರಲ್ರಿ?”

“ಅವರಿಗಿ ಮೂರ್ನಾಕ್ ಇರ್ತಾವಮ್ಮಾ. ನಿಮಗ ಒಂದೇ ಅದ.”

ಮನೆಗೆ ಬರುವಾಗ ಆಟೋದಿಂದಲೇ ಕೇಶರಬಾಯಿಗೆ ಫೋನು ಹಚ್ಚಿ, ತಪ್ಪಾಯಿತೆಂದೆ. ಕೈತಪ್ಪಿದ ರಜೆಯ ಸಂಬಳಕ್ಕೆ ಅವಳ ಅರ್ಜಿಯನ್ನು ಮತ್ತೆ ನಾನೇ ಬರೆದು ಕೊಡುತ್ತೇನೆಂದೆ.

“ಬರೀರಿ ಅಕ್ಕೋರೆ,” ಅಂದಳು. “ಕೆಂಪು ಶಾಯಿ ಬ್ಯಾಡ.”

ಪ್ರಮಾಣಪತ್ರ ಶಾಲೆಗೆ ಮುಟ್ಟಿಸಿದ ವಾರದ ನಂತರ ನನ್ನ ರಜೆ ಆದೇಶದ ಫೋಟೊ ಮೊಬೈಲಿಗೆ ಬಂತು: ಸಂಬಳಸಮೇತ ಇಪ್ಪತ್ತಾರು ವಾರ. ಮೊದಲು ಹೆಸರು ನೋಡಿದೆ, ಆಮೇಲೆ ವಾರ ಎಣಿಸಿದೆ. ಇನ್ನೂ ಐದು ತಿಂಗಳು ನಿನ್ನ ಬಳಿಯೇ ಇರುತ್ತೇನೆಂದು ಮಗಳ ಕಿವಿಯಲ್ಲಿ ಹೇಳಿದೆ. ಅವಳು ದೊಡ್ಡದಾಗಿ ಆಕಳಿಸಿದಳು.