ಕೈ ಎತ್ತಿದರೆ ನಿಲ್ಲುವ ಗಾಡಿ

ಬೀದರಿನ ಚಿದ್ರಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಬಾಣಂತಿ ಇದ್ದಾಳೆ. ಬೆಳಿಗ್ಗೆ ಎಂಟು ಹೊಡೆಯಿತೆಂದರೆ ಅವಳ ತಾಯಿ ಕೂಸಿನ ನೆತ್ತಿಗೆ ಹಾಕಲು ಔಡಲೆಣ್ಣೆ ಬಿಸಿ ಮಾಡುತ್ತಾಳೆ. ಆ ವಾಸನೆ ಗೋಡೆ ದಾಟಿ ನಮ್ಮ ಅಂಗಳಕ್ಕೆ ಬರುತ್ತದೆ. ಬಂದ ತಕ್ಷಣ ನನ್ನ ಬಲಗೈಯ ಮಣಿಕಟ್ಟು ನನ್ನನ್ನು ಕೇಳದೆಯೇ ತಿರುಗಿಬಿಡುತ್ತದೆ, ಬೈಕಿನ ಎಕ್ಸಲೇಟರ್ ತಿರುವಿದಂತೆ. ಕೈಯಲ್ಲಿ ಚಹಾದ ಲೋಟವಿದ್ದರೆ ಮುಗಿಯಿತು. ಇವತ್ತೂ ಚೆಲ್ಲಿಕೊಂಡೆ.

"ಮತ್ತ ಚೆಲ್ಲಿದ್ರಿ?" ಅಂದಳು ನನ್ನಾಕೆ. "ರೇಸಿಗಿ ಇನ್ನಾ ಒಂದು ತಿಂಗಳದ. ಅಲ್ಲಿತನಕ ಎಷ್ಟು ಅಂಗಿ ತೊಳೀಲಿ ನಾ?"

ನೀವು ನಗುತ್ತೀರೆಂದು ಗೊತ್ತು. ಔಡಲೆಣ್ಣೆ ಎಂದರೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಬೇರೆಯೇ. ಬೇಸಿಗೆ ರಜೆಯಲ್ಲಿ ಅವ್ವ ಮೂಗು ಹಿಡಿದು ಒಂದು ಚಮಚ ಕುಡಿಸಿದರೆ ಇಡೀ ದಿನ ತಂಬಿಗೆ ಕೈಬಿಡುವಂತಿರಲಿಲ್ಲ. ಅದೇ ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸಿ, ಚೆನ್ನಾಗಿ ಕುಲುಕಿ, ಹಳೆಯ ಗಾಡಿಯ ಟಾಕಿಗೆ ಹಾಕಿದರೆ ಇಂಜಿನ್ನು ಎಷ್ಟು ಕಾದರೂ ತಡೆದುಕೊಳ್ಳುತ್ತದೆ ಎಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಹಳೆಯ ಗಾಡಿಗಳ ರೇಸಿನ ದಿನ ಟ್ರ್ಯಾಕಿನ ತುಂಬ ಇದೇ ವಾಸನೆ. ಅಲ್ಲಿ ಎಲ್ಲರೂ ಎದೆ ತುಂಬ ಎಳೆದುಕೊಂಡು ಕಣ್ಣು ಮುಚ್ಚುತ್ತಾರೆ. ನಾನು ಮಾತ್ರ ಒಮ್ಮೆ ಅವ್ವನನ್ನು ನೆನೆದು ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತೇನೆ.

ನಾನು ಪಶು ಆಸ್ಪತ್ರೆಯಲ್ಲಿದ್ದವನು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ಭಾಲ್ಕಿಯ ಕಡೆಯಾಗಲಿ ಔರಾದಿನ ಕಡೆಯಾಗಲಿ ಕುರಿಗೆ ಸೂಜಿ ಚುಚ್ಚುವವನೇ ಡಾಕ್ಟರ್ ಸಾಬ್. ನಾನೂ ತಿದ್ದಲಿಲ್ಲ, ಕೇಳಲು ಚೆನ್ನಾಗಿತ್ತು. ಭಾಲ್ಕಿಯಲ್ಲಿ ಹನ್ನೆರಡು ವರ್ಷ, ಔರಾದಿನಲ್ಲಿ ಹದಿನೆಂಟು ವರ್ಷ, ಮೂವತ್ತೂ ವರ್ಷ ಒಂದೇ ಗಾಡಿ. ಎರಡು ಸೈಲೆನ್ಸರಿನ, ಬೆಳಗಿನ ಚಳಿಯಲ್ಲಿ ಮೂರು ಓಣಿಗೆ ಹೊಗೆ ಹಂಚುವ, ಕಿಕ್ ಹೊಡೆಯಲಿಕ್ಕೂ ಗೇರ್ ಹಾಕಲಿಕ್ಕೂ ಒಂದೇ ಕೋಲು ಇರುವ ಗಾಡಿ. ಹಿಂದೆ ಲಸಿಕೆಯ ಬರ್ಫದ ಡಬ್ಬಿ, ಹ್ಯಾಂಡಲಿಗೆ ಔಷಧದ ಚೀಲ.

ಆಗ ಫೋನು ಎಲ್ಲಿತ್ತು? ಎಕಂಬಾದ ಕಡೆ ಕುರಿ ಕಾಯುವವರು ನನ್ನ ಗಾಡಿಯ ಸದ್ದನ್ನು ಹೊಲದಾಚೆಯಿಂದಲೇ ಗುರುತಿಸುತ್ತಿದ್ದರು. ಓಡೋಡಿ ಬಂದು ರಸ್ತೆಯ ಬದಿಗೆ ನಿಂತು ಒಂದು ಕೈ ಮೇಲೆ ಎತ್ತಿದರೆ ಅದೇ ಅರ್ಜಿ. "ಸಾಬ್, ಹೊಟ್ಟಿ ಉಬ್ಬ್ಯಾದ್ರಿ, ಲಗು ಬರ್ರಿ." ನಾನು ಎಕ್ಸಲೇಟರ್ ಬಿಡುತ್ತಿದ್ದೆ, ಬ್ರೇಕ್ ತುಳಿಯುತ್ತಿದ್ದೆ, ಇಂಜಿನ್ ಬಂದ್ ಮಾಡುತ್ತಿದ್ದೆ. ಕುರಿಯ ವಿಷಯ ಬೇಗ ಮುಗಿಯುವಂಥದ್ದಲ್ಲ, ಆಮೇಲೆ ಮಗಳ ಮದುವೆಯ ಮಾತು ಇರುತ್ತದೆ, ಸುಮ್ಮನೆ ಪೆಟ್ರೋಲ್ ಯಾಕೆ ಸುಡಬೇಕು? ಕೈ ಕಂಡರೆ ನಿಲ್ಲು, ನಿಂತರೆ ಬಂದ್ ಮಾಡು. ಮೂವತ್ತು ವರ್ಷದಲ್ಲಿ ಇದು ಅಭ್ಯಾಸವಾಗಿ ಉಳಿಯಲಿಲ್ಲ, ಮೈಯಲ್ಲೇ ಸೇರಿಕೊಂಡಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಇಲ್ಲಿಂದಲೇ.

ಈ ಗಾಡಿಯನ್ನು ಇಷ್ಟು ವರ್ಷ ಬದುಕಿಸಿದವರು ಖಾದರ್ ಉಸ್ತಾದರು. ಚಿದ್ರಿಯ ರಸ್ತೆಯಲ್ಲಿ ತಗಡಿನ ಗ್ಯಾರೇಜು. ಉಸ್ತಾದರಿಗೆ ಇಂಜಿನ್ ಕಟ್ಟುವುದೆಂದರೆ ನಮಾಜಿನಷ್ಟೇ ನಿಧಾನದ ಕೆಲಸ. ಸಿಲಿಂಡರನ್ನು ಕೊರೆಸಿ ತಂದ ಮೇಲೆ ಕೊನೆಯ ಕೂದಲೆಳೆಯಷ್ಟನ್ನು ತಾವೇ ಕೈಯಿಂದ ತಿಕ್ಕುತ್ತಿದ್ದರು. ಆಮೇಲೆ ಪಿಸ್ಟನ್ನಿಗೆ ಎಣ್ಣೆ ಸವರಿ ಸಿಲಿಂಡರಿನ ಬಾಯಿಗಿಟ್ಟು ಕೈಬಿಡುತ್ತಿದ್ದರು. ಅದು ತನ್ನ ಭಾರಕ್ಕೆ ತಾನೇ, ಒಂದು ಉಸಿರು ಬಿಡುವಷ್ಟು ಹೊತ್ತಿನಲ್ಲಿ ಇಳಿಯಬೇಕು. ದಡಕ್ಕನೆ ಬಿದ್ದರೆ ಸಡಿಲ. ನಡುವೆ ನಿಂತರೆ ಬಿಗಿ, ಬಿಗಿಯಾದರೆ ಇಂಜಿನ್ ಕಾದಾಗ ಪಿಸ್ಟನ್ ಹಿಗ್ಗಿ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ, ಹಿಂದಿನ ಗಾಲಿ ಗಕ್ಕನೆ ನಿಲ್ಲುತ್ತದೆ, ಸವಾರ ರಸ್ತೆಯಲ್ಲಿ. ಅಳತೆಯ ಸಾಮಾನು ಅವರಲ್ಲಿತ್ತು. ಆದರೆ ನಂಬುತ್ತಿದ್ದದ್ದು ಬೆರಳನ್ನು.

ಒಂದು ಸಲ ಹಾಗೇ ಆಯಿತು. ಉಸ್ತಾದರು ಕಟ್ಟಿದ ಇಂಜಿನ್ನು ಭಾಲ್ಕಿ ರಸ್ತೆಯಲ್ಲಿ ಜಾಮ್ ಆಗಿ, ಗಾಡಿಯ ಮಾಲೀಕರಾದ ವಕೀಲರೊಬ್ಬರು ಮೊಣಕಾಲು ಒಡೆದುಕೊಂಡರು. ವಕೀಲರು ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನೇ ಮರೆತಿದ್ದರೆಂದು ನನ್ನ ಗುಮಾನಿ. ಆದರೆ ವಕೀಲರ ಬಾಯಿ ಮುಚ್ಚುವವರು ಯಾರು? "ಉಸ್ತಾದ್ ಕಾ ಹಾಥ್ ಗಯಾ", ಉಸ್ತಾದರ ಕೈ ಹೋಯಿತು ಎಂಬ ಮಾತು ಬೀದರಿನ ಗ್ಯಾರೇಜುಗಳಲ್ಲೆಲ್ಲ ಸುತ್ತಿತು. ಜನ ಆಡಿದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಉಸ್ತಾದರೇ ಅದನ್ನು ನಂಬಲು ಶುರುಮಾಡಿದರಲ್ಲ, ಅದಕ್ಕೆ ಸಂಕಟವಾಯಿತು. ಇಂಜಿನ್ ಕೆಲಸ ಬಿಟ್ಟು ಪಂಕ್ಚರ್ ಹಾಕುತ್ತ, ಬ್ರೇಕಿನ ವಾಯರು ಬದಲಿಸುತ್ತ ಕೂತರು.

ಹೀಗಿರುವಾಗ ಹಳೆಯ ಗಾಡಿಗಳ ಸಾಮಾನು ಹುಡುಕಿಕೊಂಡು ಹೈದರಾಬಾದಿನವರೊಬ್ಬರು ಗ್ಯಾರೇಜಿಗೆ ಬಂದರು. ತಮಿಳುನಾಡಿನ ಕಡೆ ಒಂದು ಟ್ರ್ಯಾಕಿನಲ್ಲಿ ವರ್ಷಕ್ಕೊಮ್ಮೆ ಇಂಥ ಗಾಡಿಗಳದ್ದೇ ರೇಸು ನಡೆಯುತ್ತದೆ, ಓಡಿಸುವವರೂ ಗಾಡಿಯಷ್ಟೇ ಹಳಬರಿರುತ್ತಾರೆ ಎಂದು ಹೇಳಿ ಹೋದರು. ಮರುದಿನವೇ ಉಸ್ತಾದರು ನಮ್ಮ ಅಂಗಳದಲ್ಲಿದ್ದರು.

"ಡಾಕ್ಟರ್ ಸಾಬ್, ನಲವತ್ತು ವರ್ಷ ಆತು ಇಂಜಿನ್ ಕಟ್ಟಲತ್ತು. ಒಂದು ಭೀ ಪೂರಾ ದಮ್ಮಿನಾಗ ಓಡಿದ್ದು ನನ್ನ ಕಿವಿಲಿ ಕೇಳಿಲ್ಲ. ಈ ರೋಡಿನ್ಯಾಗ ಯಾರು ಓಡಸ್ತಾರ ಹೇಳ್ರಿ? ಎಮ್ಮಿ, ಟಂಟಂ ಆಟೋ, ತೆಗ್ಗು. ನನ್ನ ಕೈ ಹೋಗ್ಯದೋ ಇಲ್ಲೋ, ನನಗ ಭೀ ಗೊತ್ತಿಲ್ಲ. ನಿಮ್ಮ ಗಾಡಿ ಕೊಡ್ರಿ, ಕಟ್ಟತೀನಿ. ನೀವು ಓಡಸ್ರಿ. ಒಮ್ಮಿ ಖರೆ ಏನಂತ ಗೊತ್ತಾಗ್ಲಿ."

"ನಾ ಯಾಕ್ರಿ ಉಸ್ತಾದ್? ಹರೇದ ಹುಡುಗರು ಯಾರರ ಓಡಸ್ಲಿ."

"ಅವರು ಗಾಡಿ ಹೊಡೀತಾರ, ಸಾಬ್. ನೀವು ಗಾಡಿ ಮಾತು ಕೇಳ್ತೀರಿ. ದನದ ಹೊಟ್ಟಿಗಿ ಕಿವಿ ಹಚ್ಚಿ ಕೂತ ಮನುಷ್ಯಾ ನೀವು."

ಇಂಥ ಹೊಗಳಿಕೆ ಸರ್ಕಾರ ನನ್ನ ಸರ್ವಿಸಿನಲ್ಲಿ ಒಮ್ಮೆಯೂ ಕೊಟ್ಟಿರಲಿಲ್ಲ. ಒಪ್ಪಿಬಿಟ್ಟೆ.

ಎರಡು ತಿಂಗಳು ಉಸ್ತಾದರು ಪಂಕ್ಚರಿನ ಕಡೆ ತಿರುಗಿ ನೋಡಲಿಲ್ಲ. ಗಾಡಿಯ ಲೈಟು ಬಿಚ್ಚಿದರು, ಹಾರ್ನು ಬಿಚ್ಚಿದರು, ಹಿಂದಿನ ಸೀಟು ಬಿಚ್ಚಿದರು. "ಇದು ಇದ್ರ ಟ್ರ್ಯಾಕಿನ್ಯಾಗ ಭೀ ಯಾರನರ ಕೂಡಿಸ್ಕೋತೀರಿ ನೀವು" ಅಂದರು. ಚೇಷ್ಟೆಗೆ ಅಂದ ಮಾತು, ಅವರಿಗೇನು ಗೊತ್ತಿತ್ತು? ರೇಸಿಗೆ ಬೇಕಾದ ಚರ್ಮದ ಅಂಗಿ-ಪ್ಯಾಂಟನ್ನು ನಾನು ಬಿಸಿಲಿಗೆ ಹಾಕಿದಾಗ ನನ್ನಾಕೆ ಓಣಿಯ ಎರಡೂ ಕಡೆ ನೋಡಿ, "ತೆಗೀರಿ ಅದನ್ನ. ಡಾಕ್ಟರ್ ಸಾಬ್ರು ಕೊನೀಗಿ ಎಮ್ಮಿ ಸುಲದು ಒಣಾಕ್ಯಾರ ಅಂದಾರು ಮಂದಿ" ಅಂದಳು.

ತೊಗರಿಬೇಳೆಯ ಲಾರಿಯಲ್ಲಿ, ಚೀಲಗಳ ನಡುವೆ ಗಾಡಿಯನ್ನು ಕಟ್ಟಿ, ಉಸ್ತಾದರೂ ನಾನೂ ಹೋದೆವು. ಬೆಳಿಗ್ಗೆ ಸವಾರರಿಗೆಲ್ಲ ನಿಯಮ ಹೇಳಿದರು. ಯಾರದಾದರೂ ಗಾಡಿ ಕೆಟ್ಟು ನಿಧಾನವಾದರೆ ಅವನು ಕೈ ಎತ್ತುತ್ತಾನೆ, ಅಂದರೆ ನನ್ನಿಂದ ದೂರ ಹೋಗಿ ಎಂದರ್ಥ. ಇಂಗ್ಲಿಷಿನಲ್ಲಿ ಹೇಳಿದರು, ನನಗೆ ಚೆನ್ನಾಗಿಯೇ ಅರ್ಥವಾಯಿತು. ತಲೆಯನ್ನೂ ಆಡಿಸಿದೆ. ಉಸ್ತಾದರದು ಒಂದೇ ನಿಯಮ: "ಎಡಗೈದು ಎರಡು ಬಟ್ಟ ಯಾವಾಗ್ಲೂ ಕ್ಲಚ್ಚಿನ ಮ್ಯಾಲ ಇರ್ಲಿ. ಪಿಸ್ಟನ್ ಹಿಡೀತು ಅನಿಸಿದ್ರ ಕ್ಷಣದಾಗ ಒತ್ರಿ. ಇಲ್ಲಾಂದ್ರ ರಸ್ತಾದ ಮ್ಯಾಲ ಒಗೀತದ." ಹೇಳಿ ಟ್ರ್ಯಾಕಿನ ಬದಿಯ ಗೋಡೆಯ ಹತ್ತಿರ ಹೋಗಿ, ಟೋಪಿ ಸರಿಮಾಡಿಕೊಂಡು, ಕಣ್ಣು ಮುಚ್ಚಿ ನಿಂತರು. ಅವರು ರೇಸು ನೋಡಲು ಬಂದಿರಲಿಲ್ಲ, ಕೇಳಲು ಬಂದಿದ್ದರು.

ಆರು ಸುತ್ತು. ಮೊದಲ ಸುತ್ತಿನಲ್ಲಿ ತಿರುವುಗಳಿಗೆ ಮರ್ಯಾದೆ ಕೊಟ್ಟೆ. ಎರಡನೆಯದರಲ್ಲಿ ಗಾಡಿ ನನ್ನ ಜೊತೆ ಮಾತಾಡಲು ಶುರುಮಾಡಿತು. ಎಮ್ಮೆ ಇಲ್ಲ, ತೆಗ್ಗು-ಗುಂಡಿ ಇಲ್ಲ, ಎದುರಿನಿಂದ ಬರುವವರಿಲ್ಲ, ಇಂಥ ರಸ್ತೆ ಭೂಮಿಯ ಮೇಲೆ ಉಂಟೆಂದು ನನ್ನ ಗಾಡಿಗೂ ಅವತ್ತೇ ತಿಳಿದಿರಬೇಕು. ಉದ್ದನೆಯ ನೇರ ದಾರಿಗೆ ಬಂದಾಗ ನಾಲ್ಕನೆಯ ಗೇರಿನಲ್ಲಿ ಎಕ್ಸಲೇಟರನ್ನು ಕೊನೆಯತನಕ ತಿರುವಿ, ಟಾಕಿಯ ಮೇಲೆ ಗದ್ದ ಊರಿದೆ. ಅಷ್ಟು ವರ್ಷ ಕೆಮ್ಮುತ್ತಿದ್ದ ಇಂಜಿನ್ನು ಒಂದೇ ಎಳೆಯ ದನಿ ಎತ್ತಿತು. ಅದರಲ್ಲಿ ಎಲ್ಲೂ ಬಿಗಿ ಇರಲಿಲ್ಲ. ಮೂರು ಜನರನ್ನು ಹಿಂದೆ ಹಾಕಿದೆ. ಆಗ ಕ್ಲಚ್ಚಿನ ಮೇಲಿದ್ದ ಎರಡು ಬೆರಳನ್ನೂ ತೆಗೆದು ಹ್ಯಾಂಡಲ್ ಹಿಡಿದುಬಿಟ್ಟೆ. ಉಸ್ತಾದರ ಕೈ ಹೋಗಿಲ್ಲ ಎಂದು ಅದಕ್ಕಿಂತ ಗಟ್ಟಿಯಾಗಿ ಹೇಳಲು ನನಗೆ ಬರುತ್ತಿರಲಿಲ್ಲ.

ಮೂರನೆಯ ಸುತ್ತು. ಟ್ರ್ಯಾಕಿನ ಆಚೆ ತುದಿ. ಮುಂದಿದ್ದ ನೀಲಿ ಹೆಲ್ಮೆಟ್ಟಿನವರ ಗಾಡಿ ಹೊಗೆ ಉಗುಳಿ ನಿಧಾನವಾಗಿ ಬದಿಗೆ ಹೋಯಿತು. ಅವರು ಕೈ ಎತ್ತಿದರು.

ಮುಂದಿನದನ್ನು ನಾನು ಮಾಡಲಿಲ್ಲ, ಔರಾದಿನ ಹದಿನೆಂಟು ವರ್ಷ ಮಾಡಿದವು. ಎಕ್ಸಲೇಟರ್ ಬಿಟ್ಟೆ. ಬ್ರೇಕ್ ತುಳಿದೆ. ಅವರ ಪಕ್ಕಕ್ಕೇ ತಂದು ನಿಲ್ಲಿಸಿದೆ. ಇಂಜಿನ್ ಬಂದ್ ಮಾಡಿದೆ. ಹೆಲ್ಮೆಟ್ಟಿನ ಗಾಜು ಎತ್ತಿ, "ಏನಾತ್ರಿ?" ಅಂದೆ.

ಆ ಹಿರಿಯರು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಪಾಪ, ಅವರಿಗೆ ಕನ್ನಡವೂ ಬರುತ್ತಿರಲಿಲ್ಲ. ಬಾವುಟ ಹಿಡಿದವನು ಸೀಟಿ ಊದಿ ಊದಿ ಕೆಂಪಾಗಿದ್ದ. ನಾನು ಹಿಂದೆ ಹಾಕಿದ ಮೂವರೂ, ಅವರ ಹಿಂದಿದ್ದವರೂ ಸುಂಯ್ ಎಂದು ಹೋದರು. ಆಗ ನನಗೆ ಎಚ್ಚರವಾಯಿತು. ಕಿಕ್ ಹೊಡೆದೆ. ಒಂದೇ ಒದೆತಕ್ಕೆ ಇಂಜಿನ್ ಎದ್ದಿತು. ಉಳಿದ ಸುತ್ತುಗಳನ್ನು ಸಿಟ್ಟಿನಿಂದ ಓಡಿಸಿದೆ. ಅಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಓಡಿಸಿರಲಿಲ್ಲ.

ಮರಳಿ ಬಂದಾಗ ಉಸ್ತಾದರು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು, ಮುಖ ಬೂದಿಯಾಗಿತ್ತು. ಆಗ ಹೊಳೆಯಿತು ನನಗೆ. ಅಷ್ಟೊಂದು ಗಾಡಿಗಳ ನಡುವೆಯೂ ನನ್ನ ಇಂಜಿನ್ನನ್ನೇ ಹಿಂಬಾಲಿಸುತ್ತಿದ್ದ ಅವರ ಕಿವಿಗೆ, ಆಚೆ ತುದಿಯಲ್ಲಿ, ಪೂರಾ ದಮ್ಮಿನಲ್ಲಿದ್ದ ಸದ್ದು ಒಮ್ಮೆಲೇ ನಿಂತದ್ದು ಕೇಳಿಸಿತ್ತು. ಪಿಸ್ಟನ್ ಹಿಡಿದರೆ ಹೀಗೇ ನಿಲ್ಲುತ್ತದೆ, ತುಸು ತಣಿದರೆ ಬಿಟ್ಟು ಮತ್ತೆ ಓಡುವುದೂ ಉಂಟು.

"ನಡಕ ಸುಮ್ಮನಾತಲ್ಲ ಸಾಬ್... ಹಿಡೀತು?"

"ಇಲ್ಲರಿ ಉಸ್ತಾದ್. ನಾನೇ ಬಂದ್ ಮಾಡ್ದೆ."

"ಯಾಕ?"

ಹೇಳಿದೆ. "ಯಾ ಅಲ್ಲಾ" ಅಂದರು. ನಕ್ಕರೋ ಬೈದರೋ ಈಗಲೂ ತಿಳಿಯದು. ರೇಸಿನ ನಡುವೆ ಟ್ರ್ಯಾಕಿನಲ್ಲಿ ನಿಂತು ಉಳಿದವರಿಗೆ ಅಪಾಯ ತಂದದ್ದಕ್ಕೆ ನನ್ನನ್ನು ತೆಗೆದುಹಾಕಿದ್ದೇವೆಂದು ರೇಸು ನಡೆಸುವವರು ಕಾಗದ ಕೊಟ್ಟರು. ನ್ಯಾಯವೇ. ಉಸ್ತಾದರು ಆ ಕಾಗದವನ್ನು ನೋಡಲೂ ಇಲ್ಲ. ಗಾಡಿ ತಣ್ಣಗಾಗುವತನಕ ಕಾದು, ಸಿಲಿಂಡರ್ ಬಿಚ್ಚಿ, ಪಿಸ್ಟನ್ನನ್ನು ಅರಿವೆಯಿಂದ ಒರೆಸಿ ಬಿಸಿಲಿಗೆ ಹಿಡಿದರು. ಸುತ್ತಲೂ ಬೆರಳಾಡಿಸಿದರು. ಒಂದು ಗೀರೂ ಇರಲಿಲ್ಲ. ನಾನು ಕ್ಲಚ್ಚಿನಿಂದ ಬೆರಳು ತೆಗೆದದ್ದನ್ನು ಆಗ ಹೇಳಿದೆ. "ದಿವಾನಾ ಇದ್ದೀರಿ ನೀವು" ಎಂದು ಬೈದು ಆಚೆ ಮುಖ ತಿರುಗಿಸಿ ನಿಂತರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಊರಿಗೆ ಬಂದ ಮೇಲೂ ಅವರು ಇನ್ನೊಬ್ಬರ ಇಂಜಿನ್ ಮುಟ್ಟಲಿಲ್ಲ. "ಪಿಸ್ಟನ್ ಸಾಫ್ ಅದ, ಕಣ್ಣಿಗಿ ಗೊತ್ತದ. ಕಿವಿಗಿ ಗೊತ್ತಿಲ್ಲ, ಸಾಬ್. ನಡಕ ಸುಮ್ಮನಾಗಿದ್ದು ಇನ್ನಾ ಕಿವಿಯಾಗೇ ಕುಂತದ" ಎನ್ನುತ್ತಿದ್ದರು. ಅದನ್ನು ಅಲ್ಲಿ ಕೂರಿಸಿದವನು ನಾನು. ಮುಂದಿನ ರೇಸಿನಲ್ಲಿ ಆರೂ ಸುತ್ತು ತಡೆಯಿಲ್ಲದೆ ಕೇಳಿಸಬೇಕು, ಅದಕ್ಕೆ ನನ್ನ ಈ ರೋಗ ಮೊದಲು ಹೋಗಬೇಕು ಎಂದು ಅವರೇ ಔಷಧ ಹುಡುಕಿದರು. ಜನವಾಡ ರಸ್ತೆಗೆ ಹೊಂದಿಕೊಂಡು ಒಂದು ಲೇಔಟಿದೆ. ಡಾಂಬರು ಹಾಕಿ, ಕಲ್ಲು ನೆಟ್ಟು, ಮನೆಗಳೇ ಏಳದೆ ಬಿದ್ದಿದೆ. ವಾರಕ್ಕೊಮ್ಮೆ ಅಲ್ಲಿ ಉಸ್ತಾದರು ಕರೆಂಟಿನ ಕಂಬದ ಪಕ್ಕ ಕೈ ಎತ್ತಿ ನಿಲ್ಲುವುದು. ನಾನು ನಿಲ್ಲಿಸದೆ ಹೋಗುವುದು. ಅಷ್ಟೇ.

ಅಷ್ಟೇ ಎಂದು ಬರೆಯುವುದು ಸುಲಭ. ನಾಲ್ಕು ವಾರ ಪ್ರಯತ್ನಿಸಿ ನಾಲ್ಕು ವಾರವೂ ಅವರ ಮುಂದೆ ನಿಂತೆ. "ನನ್ನ ಮಾರಿ ನೋಡಬ್ಯಾಡ್ರಿ, ರಸ್ತಾ ನೋಡ್ರಿ" ಎಂದು ಬೈಸಿಕೊಂಡೆ.

ಇವತ್ತು ಚಹಾ ಚೆಲ್ಲಿದ ಅಂಗಿ ಬದಲಿಸಿ ಮತ್ತೆ ಹೋದೆ. ನಾಲ್ಕನೆಯ ಗೇರು, ಪೂರಾ ಎಕ್ಸಲೇಟರ್, ಗಾಳಿಯಲ್ಲಿ ಔಡಲೆಣ್ಣೆ. ಕಂಬದ ಬಳಿ ಕೈ ಮೇಲೇರಿತು. ಮಣಿಕಟ್ಟು ಸಡಿಲಾಗತೊಡಗಿತು. ಗೋಡೆಯ ಬುಡದಲ್ಲಿ ಕೂತಿದ್ದ ಆ ಬೂದಿ ಮುಖ ನೆನಪಾಯಿತು. ಇಲ್ಲಿ ನಿಂತರೆ ಇವರಿಗೆ ಉಪಕಾರವಲ್ಲ ಎಂದು ತಲೆಗೆ ಎಂದೋ ಗೊತ್ತಿತ್ತು, ಮಣಿಕಟ್ಟಿಗೆ ಗೊತ್ತಾದದ್ದು ಆಗ. ಹಿಡಿತ ಬಿಡಲಿಲ್ಲ. ಉಸ್ತಾದರ ಜುಬ್ಬಾ ಪಟಪಟ ಹಾರಿದ್ದು ಕಣ್ಣಂಚಿಗೆ ಕಂಡಿತು.

ಲೇಔಟಿನ ತುದಿಯಲ್ಲಿ ಹೊರಳಿಸಿಕೊಂಡು ಬಂದೆ. ಉಸ್ತಾದರು ಕಣ್ಣು ಮುಚ್ಚಿ ನಿಂತಿದ್ದರು. ಕೈ ಇನ್ನೂ ಇಳಿಸಿರಲಿಲ್ಲ.

"ಕೇಳಿಸ್ತೇನ್ರಿ ಉಸ್ತಾದ್?"

"ಕೇಳಿಸ್ತು. ಎಲ್ಲಿ ಭೀ ನಿಂದರಲಿಲ್ಲ." ಕೈ ಇಳಿಸಿ ಭುಜ ತಿಕ್ಕಿಕೊಂಡರು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ.

ಹಿಂದಿನ ಸೀಟಿಲ್ಲ, ಅವರನ್ನು ಕೂರಿಸಿಕೊಳ್ಳುವಂತಿಲ್ಲ. ಇಂಜಿನ್ ಬಂದ್ ಮಾಡಿ, ಇಬ್ಬರೂ ಗಾಡಿ ತಳ್ಳುತ್ತ ನಡೆದೆವು. ಜನವಾಡ ರಸ್ತೆಗೆ ಬಂದಾಗ ಬಸ್ಸಿಗೆ ಕಾಯುತ್ತಿದ್ದ ಪರಿಚಯದ ಮುದುಕನೊಬ್ಬ ನಮ್ಮನ್ನು ಕಂಡು ಕೈ ಎತ್ತಿದ. ನಾನು ನಿಂತೆ. ಉಸ್ತಾದರೂ ನಿಂತರು.

"ಏನ್ರಿ ಡಾಕ್ಟರ್ ಸಾಬ್, ಗಾಡಿ ಕೆಟ್ಟದೇನು?"

ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರು ಹೇಳಿದರು.

"ಹ್ಯಾಂಗ ಕೆಡ್ತದರಿ? ನಾ ಕಟ್ಟಿದ ಇಂಜಿನ್ ಅದು."