ರೊಟ್ಟಿ ಬಡಿಯುತ್ತಾಳೆ ಅಂತ ನಾನು ಹೇಳಿದ್ದು

ಮೊಮ್ಮಗಳಿಗೆ ಅಂಗವಿಕಲರ ಸರ್ಟಿಫಿಕೇಟು ಕೊಡಬೇಕೋ ಬೇಡವೋ ಎಂದು ನೋಡಲು ಕಲಬುರಗಿಯ ದವಾಖಾನೆಗೆ ಕರೆದಿದ್ದರು. ಹತ್ತು ದಿನ ಮುಂಚೆ ಅವಳ ಫೋನಿಗೆ ತಾರೀಖು ಬಂತು. ಆ ಕಾಗದ ಸಿಕ್ಕರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು, ಬಸ್ಸಿನ ಪಾಸು ಕೇಳಬಹುದು. ಅದಕ್ಕಿಂತ ಹೆಚ್ಚಾಗಿ, ಈ ಹುಡುಗಿ ಮೈಗಳ್ಳಿ ಅಲ್ಲ ಅಂತ ಸರ್ಕಾರವೇ ಬರೆದುಕೊಟ್ಟಂತೆ ಆಗುತ್ತದೆ. ಅವಳಿಗೆ ಬೇಕಾಗಿದ್ದುದು ಅದು.

ಮೈಗಳ್ಳಿ ಅಂತ ಮೊದಲು ಅಂದವಳು ನಾನೇ. ಮೂರು ವರ್ಷದ ಹಿಂದೆ ಜ್ವರ ಬಂತು. ಜ್ವರ ಹೋಯಿತು, ದಣಿವು ಉಳಿಯಿತು. ಇಪ್ಪತ್ತನಾಲ್ಕರ ಹುಡುಗಿ, ತಲೆ ಬಾಚಲು ಕೈ ಎತ್ತಿದರೆ ಅರ್ಧಕ್ಕೇ ಇಳಿಸಿ ಸುಧಾರಿಸಿಕೊಳ್ಳಬೇಕು. ಒಂದು ದಿನ ನಾಲ್ಕು ಬಟ್ಟೆ ಒಗೆದರೆ ಮುಂದಿನ ಎರಡು ದಿನ ಹಾಸಿಗೆಯೇ. ಮಲಗಿ ಎದ್ದರೂ ಹೊಲದಲ್ಲಿ ದುಡಿದು ಬಂದವಳ ಮುಖ. ನಾನು ಬೈದಿದ್ದೇನೆ, ಕೌದಿ ಎಳೆದು ಎಬ್ಬಿಸಿದ್ದೇನೆ. ಒಮ್ಮೆ ಹಾಗೆ ಎಬ್ಬಿಸಿದಾಗ ಅಡುಗೆಮನೆ ಬಾಗಿಲಲ್ಲಿ ಕುಸಿದು ಬಿದ್ದಳು. ಅವತ್ತಿನಿಂದ ಬೈಯುವುದು ಬಿಟ್ಟೆ. ಮಗ ಸೊಸೆ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಖಾನಾವಳಿ ನಡೆಸುತ್ತಾರೆ. ಅಲ್ಲಿಯ ಗದ್ದಲ ಅವಳಿಗೆ ತಡೆಯದು, ಹಾಗಾಗಿ ಕಮಲಾಪುರದಲ್ಲಿ ನನ್ನ ಹತ್ತಿರ ಇರುತ್ತಾಳೆ.

ತಾರೀಖು ಬಂದ ಮೇಲೆ ಅವಳು ಒಂದು ವಹಿಯಲ್ಲಿ ಬರೆಯತೊಡಗಿದಳು. ಯಾವ ದಿನ ಏನು ಮಾಡಿದೆ, ಮಾಡಿದ್ದಕ್ಕೆ ಎಷ್ಟು ದಿನ ಮಲಗಿದೆ, ಎಲ್ಲ. ಅದು ಅವಳ ತಯಾರಿ. ನಾನು ಕಲಿತದ್ದು ಮೂರನೇ ಇಯತ್ತೆ, ದವಾಖಾನೆಯ ಪರೀಕ್ಷೆ ನನಗೇನು ಗೊತ್ತು. ನನಗೆ ಗೊತ್ತಿದ್ದ ಪರೀಕ್ಷೆ ಕನ್ಯೆ ನೋಡುವುದು ಒಂದೇ. ಇಬ್ಬರು ತಂಗಿಯರನ್ನೂ ಮೂವರು ಹೆಣ್ಣುಮಕ್ಕಳನ್ನೂ ನಾನೇ ತಯಾರು ಮಾಡಿ ಜಮಖಾನೆಯ ಮೇಲೆ ಕೂರಿಸಿದ್ದೇನೆ. ಒಬ್ಬ ತಂಗಿಯ ಕಾಲು ಎಳೆಯುತ್ತಿತ್ತು. ಗಂಡಿನವರು ಬರುವ ಮೊದಲೇ ಅವಳನ್ನು ಕೂರಿಸಿಬಿಟ್ಟೆ, ಅವರು ಹೋಗುವ ತನಕ ಏಳಗೊಡಲಿಲ್ಲ.

ಇದಕ್ಕೂ ಹಾಗೇ ಮಾಡಿದೆ. ಹತ್ತು ದಿನ ಅವಳಿಗೆ ನೀರಿನ ತಂಬಿಗೆ ಕೂಡ ಎತ್ತಗೊಡಲಿಲ್ಲ. ಹಿಂದಿನ ದಿನ ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿ ಎರೆದೆ. ಬೆಳಿಗ್ಗೆ ಜಡೆ ಹಾಕಿದೆ, ಇಸ್ತ್ರಿ ಮಾಡಿದ ಸೀರೆ ಉಡಿಸಿದೆ, ಕೈತುಂಬ ಬಳೆ ತೊಡಿಸಿದೆ.

“ಹಿಂಗ ಹೋದ್ರ ನನಗ ಏನಾಗ್ಯಾದ ಅಂತ ಕೇಳ್ತಾರ ಆಯಿ” ಅಂದಳು.

“ಹೊಲಸಾಗಿ ಹೋದ್ರ ಒಳಗೇ ಬಿಡಂಗಿಲ್ಲ” ಅಂದೆ.

ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿಯೇ ಬಂದಳು. ದವಾಖಾನೆಯ ಬಾಕಿನ ಮೇಲೆ ನಮ್ಮ ಓಣಿಯ ಒಬ್ಬ ಹೆಂಗಸು ಕೂತಿದ್ದಳು, ಕಣ್ಣು ಕಾಣದ ಗಂಡನನ್ನು ಕರೆತಂದಿದ್ದಳು. ಅವಳು ತನ್ನ ತಂಗಿಯ ಮಗನಿಗೆ ಕನ್ಯೆ ಹುಡುಕುತ್ತಿದ್ದಳು, ನಮ್ಮ ಹುಡುಗಿಯ ಮೇಲೆ ಕಣ್ಣಿತ್ತು. ಯಾಕೆ ಬಂದಿರಿ ಅಂತ ಕೇಳಿದಳು. ನನ್ನ ಮಂಡಿ ತೋರಿಸಲು ಅಂತ ಹೇಳಿದೆ. ಮೊಮ್ಮಗಳು ನನ್ನ ಮುಖ ನೋಡಿದಳು.

ಹೆಸರು ಕರೆದರು. ಬಾಗಿಲು ತೆರೆದೇ ಇತ್ತು, ಬಾಕಿನ ಮೇಲೆ ಕೂತವರಿಗೆ ಎಲ್ಲ ಕೇಳಿಸುತ್ತಿತ್ತು. ಡಾಕ್ಟರಮ್ಮ ನಡೆಸಿ ನೋಡಿದರು, ತಮ್ಮ ಕೈ ಅವಳಿಂದ ಹಿಚುಕಿಸಿಕೊಂಡು ನೋಡಿದರು. ಹತ್ತು ದಿನ ಕೂಡಿಟ್ಟ ಶಕ್ತಿಯೆಲ್ಲ ಅಲ್ಲಿ ಖರ್ಚಾಯಿತು. ನೆಟ್ಟಗೆ ನಡೆದಳು. ಆಮೇಲೆ ಅವರು, ಮನೆಯಲ್ಲಿ ಏನೇನು ಕೆಲಸ ಮಾಡುತ್ತಾಳೆ ಅಂತ ಕೇಳಿದರು. ಕೇಳಿದ್ದು ಅವಳನ್ನು. ಹೇಳಿದ್ದು ನಾನು.

“ಎಲ್ಲಾ ಮಾಡ್ತಾಳ್ರಿ. ರೊಟ್ಟಿ ಬಡೀತಾಳ, ಭಾಂಡೆ ತಿಕ್ಕತಾಳ.”

ಐವತ್ತು ವರ್ಷ ಗಂಡಿನವರ ಅದೇ ಪ್ರಶ್ನೆಗೆ ಅದೇ ಉತ್ತರ ಕೊಟ್ಟ ನಾಲಿಗೆ. ಡಾಕ್ಟರಮ್ಮ ಬರೆದುಕೊಳ್ಳತೊಡಗಿದರು.

ಮೊಮ್ಮಗಳು ಸಣ್ಣ ದನಿಯಲ್ಲಿ ಕೇಳಿದಳು, “ನಾ ರೊಟ್ಟಿ ಬಡದು ಎಷ್ಟು ದಿನ ಆತು ಆಯಿ?”

ಬಾಗಿಲ ಕಡೆ ನೋಡಿದೆ. ಆ ಹೆಂಗಸು ಕಿವಿ ಇತ್ತ ಕೊಟ್ಟೇ ಕೂತಿದ್ದಳು. ಹುಡುಗಿಯ ಕಣ್ಣಲ್ಲಿ ನೀರು ಇರಲಿಲ್ಲ. ಅಳುವುದಕ್ಕೂ ತ್ರಾಣ ಬೇಕು.

“ಎರಡು ವರ್ಷ ಆಗ್ಯಾದ್ರಿ” ಅಂದೆ. “ನಾ ಸುಳ್ಳು ಹೇಳಿದೆ. ಇವತ್ತು ಜಡಿ ಹಾಕಿದಾಕಿನೂ ನಾನೇ, ಸೀರಿ ಉಡಿಸಿದಾಕಿನೂ ನಾನೇ. ನೀವು ನಾಳಿ ಬಂದು ನೋಡ್ರಿ, ಪಾಯಖಾನಿಗೂ ನಾನೇ ಹಿಡಕೊಂಡು ಹೋಗಬೇಕು.”

ಡಾಕ್ಟರಮ್ಮ ಬರೆದದ್ದರ ಮೇಲೆ ಗೆರೆ ಎಳೆದರು. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಮೊಮ್ಮಗಳು ತನ್ನ ವಹಿ ಮುಂದೆ ಚಾಚಿದಳು. ಅವರು ಅದನ್ನು ತಿರುವಿ ನೋಡಿದರು. ಬರೀ ದಣಿವು ಅಂತ ಬರೆದರೆ ಸರ್ಟಿಫಿಕೇಟು ಆಗುವುದಿಲ್ಲ, ಪಟ್ಟಿಯಲ್ಲಿ ಅದು ಇಲ್ಲ, ನರದ ಡಾಕ್ಟರು ನೋಡಿ ಬರೆದುಕೊಡಬೇಕು, ಆಮೇಲೆ ಇನ್ನೊಮ್ಮೆ ಕರೆಯುತ್ತೇವೆ ಅಂದರು. ಕೊಡುತ್ತೇವೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಸಂಜೆಯ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು. ಒಬ್ಬಳು ಮನೆಯ ತನಕ ಬಂದು ಖರೇನಾ ಅಂತ ಕೇಳಿದಳು. ಖರೇ ಅಂದೆ, ಚಹಾ ಕೊಡಲಿಲ್ಲ.

ಮೊಮ್ಮಗಳು ಮೂರು ದಿನ ಏಳಲಿಲ್ಲ, ಮಾತೂ ಆಡಲಿಲ್ಲ. ದಣಿವೋ ಸಿಟ್ಟೋ ನನಗೆ ತಿಳಿಯಲಿಲ್ಲ. ಸರ್ಟಿಫಿಕೇಟು ಬೇಕು ಅಂದವಳು ಅವಳೇ. ಆದರೆ ಪಾಯಖಾನೆಯ ಮಾತನ್ನು ಬಾಗಿಲು ತೆರೆದಿಟ್ಟು ಹೇಳು ಅಂದಿರಲಿಲ್ಲ. ನಾಲ್ಕನೇ ದಿನ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

“ಮುಂದಿನ ಸಲ ನೀ ಬಾಯಿ ತೆರೀಬ್ಯಾಡ. ಸುಳ್ಳೂ ಬ್ಯಾಡ, ಖರೇನೂ ಬ್ಯಾಡ. ನಂದು ನಾ ಹೇಳ್ತೀನಿ.”

“ಹೇಳಾಕ ತ್ರಾಣ ಇರ್ತದೇನು?” ಅಂತ ಕೇಳಿದೆ.

“ಇಲ್ಲಂದ್ರ ಅದನ್ನೂ ನೋಡ್ಲಿ.”

ಹೂಂ ಅಂದೆ. ನರದ ಡಾಕ್ಟರು ನೋಡಿಯಾಯಿತು. ದವಾಖಾನೆಯ ತಾರೀಖು ಇನ್ನೂ ಬಂದಿಲ್ಲ.