ಹಸಿರು ಉರಿ ಮತ್ತು ದಾಸೋಹದ ತೊಗರಿ

ದಾಸೋಹಕ್ಕೆ ಹೋಗಲಿದ್ದ ಒಂದು ಚೀಲ ತೊಗರಿಯನ್ನು ತಡೆಯಲು ನನ್ನ ಬಳಿ ಇದ್ದದ್ದು ಎರಡೇ ದಿನ. ಶ್ರಾವಣದ ಮೊದಲ ಸೋಮವಾರ ದೊಡ್ಡಪ್ಪ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಮಠಕ್ಕೆ ಒಯ್ಯುವವರಿದ್ದರು. ಬಿತ್ತಿ ಉಳಿದ ಬೀಜವನ್ನು ದಾಸೋಹಕ್ಕೆ ಕೊಡುವುದು ಸಗರದ ನಮ್ಮ ಮನೆಯಲ್ಲಿ ಮುತ್ಯಾನ ಕಾಲದಿಂದ ಬಂದ ರೂಢಿ. ರೂಢಿಯ ಮೇಲೆ ನನ್ನ ತಕರಾರಿಲ್ಲ. ದೊಡ್ಡವ್ವ ಪ್ರತಿ ವರ್ಷ ಬೀಜದ ತೊಗರಿಗೆ ಕೆಮ್ಮಣ್ಣು ಕಲಸಿ ಒಣಗಿಸಿ ಇಡುತ್ತಿದ್ದಳು. ತೊಳೆದರೆ ಮಣ್ಣು ಹೋಗುತ್ತದೆ, ಒಡೆದರೆ ಬೇಳೆಯಾಗುತ್ತದೆ.

ತಕರಾರು ಈ ವರ್ಷದ್ದು. ಬೇಸಿಗೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ದೊಡ್ಡಪ್ಪನಿಗೆ ಚೀಟಿ ಹರಿದುಹೋದ ಹಳೆಯ ತಗಡಿನ ಡಬ್ಬಿಯೊಂದು ಸಿಕ್ಕಿತ್ತು. ಅದರಲ್ಲಿದ್ದ ಬೂದುಬಿಳಿ ಪುಡಿಯನ್ನು ಅವರು ಕೆಮ್ಮಣ್ಣಿನ ಬದಲು ತೊಗರಿಗೆ ಕಲಸಿ ಡ್ರಮ್ಮಿಗೆ ತುಂಬಿದ್ದರು; ಬಿತ್ತಿ ಉಳಿದದ್ದು ಅದರಲ್ಲೇ ಇತ್ತು. ಸುರಪುರದ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು, ಶಹಾಪುರದ ಕಾಲೇಜಿನಿಂದ ಶನಿವಾರ ಮಧ್ಯಾಹ್ನ ಮನೆಗೆ ಬಂದ ನಾನು ಡ್ರಮ್ಮಿನ ಮುಚ್ಚಳ ತೆಗೆದೆ. ಬೂಸ್ಟು ಹಿಡಿದ ಗೋಣಿಯಂಥ ವಾಸನೆ ಮೂಗಿಗೆ ಹೊಡೆಯಿತು.

"ಇದೇನ್ರಿ ದೊಡ್ಡಪ್ಪ, ಏನ್ ಹಚ್ಚೀರಿ?"

"ನುಸಿ ಪೌಡರ್. ಮೊದಲ ಎಲ್ಲಾರೂ ಇದನ್ನೇ ಹಾಕ್ತಿದ್ರು. ಒಂದು ನುಸಿ ಹುಳ ಕಂಡ್ರ ತೋರ್ಸು ನನಗ."

"ಒಂದೂ ಇಲ್ಲಲ್ಲ, ಅದಕ್ಕೇ ಅಂಜಿಕಿ ಬಂದದ."

"ನುಸಿ ಇದ್ರೂ ತಪ್ಪು, ಇಲ್ದಿದ್ರೂ ತಪ್ಪು," ಎಂದಳು ದೊಡ್ಡವ್ವ ಒಳಗಿನಿಂದ. "ಕಪ್ ಗೆದ್ದು ಬಂದಾಳ ವಕೀಲವ್ವ. ಇನ್ನ ನಮ್ಮನ್ನ ಬದುಕಗೊಡಾಂಗಿಲ್ಲ."

ವಾದಕ್ಕಿಳಿಯಲು ನನಗೆ ಅಷ್ಟೇ ಸಾಕಾಗಿತ್ತು. ಆ ಬೂಸ್ಟು ವಾಸನೆಯ ಪುಡಿ ಬಿಎಚ್‌ಸಿ ಎಂಬ ಹಳೆಯ ಕೀಟನಾಶಕ ಎಂಬುದು ನನ್ನ ವಾದ. ಆರು ಕಾರ್ಬನ್ನಿನ ಉಂಗುರ, ಒಂದೊಂದಕ್ಕೂ ಒಂದೊಂದು ಕ್ಲೋರಿನ್. ತಯಾರಿಸುವಾಗ ಅದು ಒಂದೇ ರೂಪದಲ್ಲಿ ಬರುವುದಿಲ್ಲ. ಅವೇ ಪರಮಾಣುಗಳು, ಕೂತ ಭಂಗಿ ಮಾತ್ರ ಬೇರೆ. ಅಂಥ ಹಲವು ರೂಪಗಳ ಮಿಶ್ರಣ. ಹುಳ ಕೊಲ್ಲುವುದು ಮುಖ್ಯವಾಗಿ ಅವುಗಳಲ್ಲೊಂದು. ಅದಕ್ಕಿಂತ ಹೆಚ್ಚು ಕಾಲ ಮೈಯಲ್ಲಿ ಠಿಕಾಣಿ ಹೂಡುವುದು ಹುಳ ಕೊಲ್ಲದ ಇನ್ನೊಂದು. ಕೆಲಸಕ್ಕೆ ಬಾರದ್ದೇ ಮನೆ ಬಿಡುವುದಿಲ್ಲ! ಇದನ್ನು ಮೊದಲ ಸಲ ಓದಿದ ದಿನ ನಾನು ಲೈಬ್ರರಿಯಲ್ಲಿ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ನಾನು ಹುಟ್ಟುವ ಮೊದಲೇ ನಿಷೇಧವಾದ ಪುಡಿ ಅದು.

"ತೊಳದ್ರ ಹೋಗ್ತದ," ಎಂದರು ದೊಡ್ಡಪ್ಪ.

"ನೀರಾಗ ಕರಗೂದೇ ಕಡಿಮಿ ರಿ. ಎಣ್ಣ್ಯಾಗ ಕರಗ್ತದ, ಬೆಣ್ಣ್ಯಾಗ ಕರಗ್ತದ, ನಮ್ಮ ಮೈಯಾಗಿನ ಕೊಬ್ಬಿನ್ಯಾಗ ಹೋಗಿ ಕೂಡ್ತದ."

"ಎಲ್ಲಾ ಖರೇನ ಅಂತಿಟ್ಕೋ. ಈ ಡಬ್ಬ್ಯಾಗಿಂದು ಅದೇ ಅಂತ ಹೆಂಗ ಹೇಳ್ತಿ? ಮ್ಯಾಲ ಏನರ ಬರದದೇನು?"

ಹೇಳಿದವರೇ ಸಾಬೀತು ಮಾಡಬೇಕು ಎಂದು ವೇದಿಕೆಯ ಮೇಲೆ ಎದುರಾಳಿಗಳಿಗೆ ಹೇಳಿ ಹೇಳಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಈಗ ಅದೇ ಮಾತು ನನ್ನ ಕೊರಳಿಗೆ ಬಿತ್ತು. ಖುಷಿಯೂ ಆಯಿತು, ಯಾಕೆಂದರೆ ಸಾಬೀತು ಮಾಡುವ ದಾರಿ ನನಗೆ ಗೊತ್ತಿತ್ತು. ಕ್ಲೋರಿನ್ ಇರುವ ಇಂಥ ರಾಸಾಯನಿಕವನ್ನು ತಾಮ್ರದ ತಂತಿಯ ತುದಿಗೆ ಹಚ್ಚಿ ಸುಟ್ಟರೆ ಉರಿ ಹಸಿರಾಗುತ್ತದೆ.

ಭಾನುವಾರ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಸಣ್ಣ ಗ್ಯಾಸ್ ಒಲೆ ಇಟ್ಟೆ. ಹೊಗೆ ಒಳ್ಳೆಯದಲ್ಲವೆಂದು ಗಾಳಿಗೆ ಬೆನ್ನು ಕೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಇಬ್ಬರನ್ನೂ ದೂರ ನಿಲ್ಲಿಸಿದೆ. ಬೋರಿನ ಹಳೆಯ ವೈರಿನ ಪ್ಲಾಸ್ಟಿಕ್ ಸುಟ್ಟು ತೆಗೆದು ತಂತಿ ಸಿದ್ಧ ಮಾಡಿದ್ದೆ. ತುದಿಗೆ ಸಾಸಿವೆಯಷ್ಟು ಪುಡಿ ಹಚ್ಚಿ ನೀಲಿ ಉರಿಗೆ ಹಿಡಿದೆ. ಹಸಿರು! ಹೊಸ ಜೋಳದ ತೆನೆಯಂಥ ಹಸಿರು ಉರಿಯ ಅಂಚಿಗೆ ಹಬ್ಬಿತು.

"ನೋಡ್ರಿ! ಇನ್ನೇನು ಬೇಕು?"

ದೊಡ್ಡವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೇಳಿದಳು: "ಬರೇ ತಂತಿ ಹಿಡದು ನೋಡಿದ್ಯೇನು?"

"ಯಾಕ?"

"ಹ್ವಾದ ಪಂಚಮ್ಯಾಗ ರೊಟ್ಟಿ ಕಹಿ ಆಗಿದ್ದು ನೆಪ್ಪದ? ನೀ ಹಿಟ್ಟಿಗೆ ಬೈದಿ, ಗಿರಣಿಯವಗ ಬೈದಿ. ಖರೇ ನೋಡಿದ್ರ ಅದಕ್ಕೂ ಮೊದಲ ಆ ಹಂಚಿನ್ಯಾಗ ಒಗ್ಗರಣಿ ಸೀದಿತ್ತು."

ಬೇರೊಂದು ತುಂಡು ತಂತಿಯನ್ನು ಏನೂ ಹಚ್ಚದೆ ಹಿಡಿದೆ. ಹಸಿರು. ಅದೇ ಹಸಿರು.

ದೊಡ್ಡಪ್ಪ ನಕ್ಕ ನಗೆಗೆ ಎಮ್ಮೆ ತಿರುಗಿ ನೋಡಿತು. "ತಂತಿನೂ ಬಿಎಚ್‌ಸಿ ತಿಂದದೇನವ್ವ?"

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮರುಕ್ಷಣವೇ ತಲೆಯಲ್ಲಿ ದೀಪ ಹತ್ತಿತು: ವೈರಿನ ಪ್ಲಾಸ್ಟಿಕ್ಕಿನಲ್ಲೂ ಕ್ಲೋರಿನ್ ಇರುತ್ತದೆ! ಸುಟ್ಟಾಗ ಅದು ತಾಮ್ರಕ್ಕೆ ಅಂಟಿತ್ತು. ಮೊದಲು ಬರೀ ತಂತಿ ಕಾಯಿಸಿ ನೋಡಬೇಕೆಂದು ಕಾಲೇಜಿನ ಮೂರು ವರ್ಷದಲ್ಲಿ ಕಲಿತ ಪಾಠವನ್ನು ನಾನು ಗೆಲ್ಲುವ ಅವಸರದಲ್ಲಿ ಮರೆತಿದ್ದೆ. ದೊಡ್ಡವ್ವ ಹಂಚಿನ ಮುಂದೆ ಕೂತು ಕಲಿತದ್ದನ್ನು ಮರೆತಿರಲಿಲ್ಲ.

ತಂತಿಯನ್ನು ಉಸುಕಿನ ಕಾಗದದಿಂದ ಉಜ್ಜಿ, ಉರಿಯಲ್ಲಿ ಹಸಿರು ಪೂರ್ತಿ ಅಳಿಯುವವರೆಗೆ ಕಾಯಿಸಿದೆ. ಈ ಸಲ ಸಾಕ್ಷಿಗೆ ನಿಂತ ಪಂಚರು ದೊಡ್ಡವ್ವನೇ. ಬರೀ ತಂತಿ: ಹಸಿರಿಲ್ಲ. ಒಲೆಯ ಬೂದಿ: ಇಲ್ಲ. ಹೋದ ವರ್ಷದ ಕೆಮ್ಮಣ್ಣು: ಇಲ್ಲ. ಆಮೇಲೆ ಡಬ್ಬಿಯ ಪುಡಿ. ಹಸಿರು ಬಂತು. ದೊಡ್ಡಪ್ಪ ಇನ್ನೊಮ್ಮೆ ಮಾಡಿಸಿದರು. ಮತ್ತೆ ಬಂತು.

"ಇಷ್ಟಕ್ಕ ಬಿಎಚ್‌ಸಿ ಅಂತ ಗೊತ್ತಾಯ್ತೇನು?"

"ಇಲ್ರಿ. ಕ್ಲೋರಿನ್ ಅದ ಅಂತ ಅಷ್ಟೇ ಗೊತ್ತಾಯ್ತು. ಆದ್ರ ಇದು ನುಸಿ ಕೊಲ್ಲೂ ಪುಡಿ ಅಂತ ನೀವೇ ಹೇಳೀರಿ. ಇದನ್ನ ಮಂದಿಗೆ ಉಣಸ್ತೀರೇನು?"

ಅವರು ಹೋಗಿ ಡ್ರಮ್ಮಿನ ಮುಚ್ಚಳ ಬಿಗಿದರು. "ಇಲ್ಲ," ಎಂದರು. "ಅಲ್ಲಿ ಉಣ್ಣಾಕ ಕುಂತ ಮಂದಿಗೆ ಇದರ ಸುದ್ದಿ ಗೊತ್ತಿರಾಂಗಿಲ್ಲ."

ನಾನು ಗೆದ್ದಿದ್ದೆ. ಗೆಲುವು ಒಂದು ನಿಮಿಷವೂ ಬಾಳಲಿಲ್ಲ. "ಹಂಗಾದ್ರ ಹೊಲದಾಗ ಹುಗೀಲೇನು?" ಎಂದರು ದೊಡ್ಡಪ್ಪ. ಬೇಡ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎಮ್ಮೆಗೆ? ಬೇಡ, ಹಾಲಿಗೆ ಬರುತ್ತದೆ. ಕಾಲುವೆಗೆ? ಬೇಡ, ಮೀನಿನ ಮೈ ಸೇರುತ್ತದೆ. ಸುಡಲೇ? ಆ ಹೊಗೆ ಇನ್ನೂ ಕೆಟ್ಟದ್ದು.

"ಮತ್ತ ಈಗಾಗಲೇ ಬಿತ್ತೀನಲ್ಲ, ಅದು?"

"ಗೊತ್ತಿಲ್ರಿ," ಎಂದೆ. ಒಂದೊಂದು ಕಾಳಿಗೆ ಅಂಟಿದ್ದು ಕಡಿಮೆ ಎಂದು ಊಹಿಸಬಲ್ಲೆ. ಊಹೆಯನ್ನು ಪುರಾವೆ ಎನ್ನುವ ಧೈರ್ಯ ಆ ಬೆಳಿಗ್ಗೆ ಉಳಿದಿರಲಿಲ್ಲ.

ಡ್ರಮ್ಮಿನೊಳಗೆ ಡಬ್ಬಿಯನ್ನೂ ಇಟ್ಟು ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ಕೆಂಪು ಬಣ್ಣದಲ್ಲಿ 'ವಿಷ' ಎಂದು ಬರೆದೆ. ಇಂಥದ್ದನ್ನು ಎಲ್ಲಿಗೆ ಒಪ್ಪಿಸಬೇಕೆಂದು ಯಾದಗಿರಿಯ ಕೃಷಿ ಇಲಾಖೆಯ ಕಚೇರಿಗೆ ಅರ್ಜಿ ಹಾಕಿ ಅದರ ಹಿಂದೆ ಓಡಾಡುತ್ತಿದ್ದೇನೆ. ಅಲ್ಲಿಯವರೆಗೆ ಡ್ರಮ್ಮು ಕೀಲಿ ಹಾಕಿದ ಕೋಣೆಯಲ್ಲಿದೆ, ಕೀಲಿ ದೊಡ್ಡವ್ವನ ಸೊಂಟದಲ್ಲಿ.

ಸೋಮವಾರ ದೊಡ್ಡಪ್ಪ ಮನೆಯ ಊಟಕ್ಕೆಂದು ಇಟ್ಟಿದ್ದ ತೊಗರಿಯ ಚೀಲವನ್ನು ಬೈಕಿಗೆ ಕಟ್ಟಿದರು. ದೊಡ್ಡವ್ವ ಅಡ್ಡ ಬಂದು ಚೀಲ ಬಿಚ್ಚಿಸಿ, ಒಂದು ಮುಷ್ಟಿ ತೆಗೆದು ಮೂಸಿ ನೋಡಿ, "ಹೋಗ್ರಿ," ಎಂದಳು.